ಖರೀದಿಯ ನೂಕುನುಗ್ಗಲಿನಲ್ಲಿ ಗನ್ ಶೋಗೆ ಹೊರಟವರಿಗೆ

ಅಮೆರಿಕದಲ್ಲಿ ಬಂದೂಕಿನ ವ್ಯಾಪಾರ ಎಲ್ಲ ಕಾಲಕ್ಕೂ ಒಂದೇ ಸಮ ಇರುವುದಿಲ್ಲ. ಜನರಲ್ಲಿ ಭಯ ಹುಟ್ಟಿದ ಕೂಡಲೇ ಉಕ್ಕುತ್ತದೆ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಗುಂಡಿಗೆ ಬಲಿಯಾದರು. ಸರ್ಕಾರ ಇನ್ನು ಕೆಲವು ಬಗೆಯ ರೈಫಲ್‌ಗಳನ್ನು ನಿಷೇಧಿಸುತ್ತದೆ ಎಂಬ ಮಾತು ಹಬ್ಬಿತು. ಬಂದೂಕು ಕೊಳ್ಳುವವರ ಬಗ್ಗೆ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಮಾಡುವ ಹಿನ್ನೆಲೆ ತಪಾಸಣೆಗೆ ಆ ಒಂದೇ ತಿಂಗಳಲ್ಲಿ ಬಂದ ಕೋರಿಕೆಗಳು ಸುಮಾರು 27.8 ಲಕ್ಷ. ಕೊರೊನಾ ಕಾಲಿಟ್ಟ 2020ರ ಮಾರ್ಚ್‌ನಲ್ಲಿ ಅದು 37 ಲಕ್ಷ ದಾಟಿತು. ಮರುವರ್ಷದ ಮಾರ್ಚ್‌ನಲ್ಲಿ ಸುಮಾರು 46.9 ಲಕ್ಷ. ಇವೆಲ್ಲ ಮಾರಾಟವಾದ ಬಂದೂಕುಗಳ ಲೆಕ್ಕವಲ್ಲ. ಕೆಲವು ರಾಜ್ಯಗಳು ತಮ್ಮ ಪರವಾನಗಿದಾರರನ್ನು ಮತ್ತೆ ಮತ್ತೆ ತಪಾಸಣೆ ಮಾಡುವುದೂ ಇದರಲ್ಲಿ ಸೇರಿದೆ. ಆದರೂ ಉಬ್ಬರ ಎಷ್ಟಿತ್ತೆಂದು ತಿಳಿಯಲು ಈ ಅಂಕಿ ಸಾಕು.

ಇಂಥ ಹೊತ್ತಿನಲ್ಲಿ ಊರಿನ ಅಂಗಡಿಗಳ ಗೋಡೆ ಖಾಲಿಯಾಗುತ್ತದೆ. ಆಗ ಎಲ್ಲರ ಬಾಯಲ್ಲೂ ಬರುವ ಮಾತು, 'ಶನಿವಾರ ಗನ್ ಶೋ ಇದೆಯಂತೆ, ಹೋಗಿ ನೋಡೋಣ.' ಗನ್ ಶೋ ಎಂದರೆ ಡೀಲರುಗಳೂ ಸಂಗ್ರಹಕಾರರೂ ಸಾಲುಸಾಲು ಮೇಜು ಹಾಕಿ ಬಂದೂಕು, ಗುಂಡು ಮಾರುವ ಸಂತೆ. ಟೆಕ್ಸಸ್, ಒಕ್ಲಹೋಮ, ಕ್ಯಾರೊಲಿನಾ ಕಡೆ ನೆಲೆಸಿದ ನಮ್ಮ ಜನರಲ್ಲೂ ಹೀಗೆ ಹೊರಡುವವರು ಇದ್ದಾರೆ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಉಬ್ಬರದ ಕಾಲದ ಗನ್ ಶೋ ನೋಡಿ ಕಲಿಯಲು ಒಳ್ಳೆಯ ಜಾಗ, ಮೊದಲ ಬಂದೂಕು ಕೊಳ್ಳಲು ಅಲ್ಲ. ಅಲ್ಲಿ ಗುಂಡು ಹಾರಿಸಿ ನೋಡುವಂತಿಲ್ಲ, ಕೊಂಡದ್ದನ್ನು ಹಿಂದಿರುಗಿಸುವುದು ಹೆಚ್ಚುಕಡಿಮೆ ಆಗದ ಮಾತು, ನಿಮಗೆ ಹತ್ತು ನಿಮಿಷ ಬಿಡಿಸಿ ಹೇಳಲು ಡೀಲರಿಗೂ ಪುರುಸೊತ್ತಿರುವುದಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ಉಳಿದೆಲ್ಲಕ್ಕಿಂತ ಇದು ಮುಖ್ಯ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಲಸಕ್ಕೆ ಬಂದವರ ಎಚ್-1ಬಿ, ಎಲ್-1, ವಿದ್ಯಾರ್ಥಿಗಳ ಎಫ್-1, ನಮ್ಮ ಅಪ್ಪ ಅಮ್ಮ ಬರುವ ಬಿ-2 — ಇವೆಲ್ಲ ವಲಸೆಯೇತರ, ಅಂದರೆ ಕಾಯಂ ನೆಲೆಸಲು ಅಲ್ಲದ ವೀಸಾಗಳು. ಈ ವೀಸಾಗಳ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ ಎಂದು ಕೇಂದ್ರ ಕಾನೂನೇ ಹೇಳುತ್ತದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ವೀಸಾದವರಿಗೂ ಕೆಲವು ವಿನಾಯಿತಿಗಳಿವೆ. ಅದರಲ್ಲಿ ಹೆಚ್ಚು ಕೇಳಿಬರುವುದು ಬೇಟೆ ಲೈಸೆನ್ಸಿನದು: ಯಾವುದಾದರೂ ರಾಜ್ಯ ಕಾನೂನುಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸು ಕೈಯಲ್ಲಿದ್ದರೆ ಕೊಳ್ಳಬಹುದು. 'ಆನ್‌ಲೈನಲ್ಲಿ ಒಂದು ಲೈಸೆನ್ಸು ತಗೊಂಡ್ರೆ ಆಯ್ತು ಗುರು' ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಲೈಸೆನ್ಸಿನ ದಿನಾಂಕ ತೀರಿದ ಮರುದಿನ ಆ ಬಂದೂಕು ನಿಮ್ಮ ಮನೆಯಲ್ಲಿದ್ದರೆ ಅದು ಅಪರಾಧ. ಬಂದೂಕಿನ ಅಪರಾಧ ವಲಸೆ ಕಾನೂನಿನಲ್ಲಿ ಗಡಿಪಾರಿಗೆ ಕಾರಣವಾಗುತ್ತದೆ. ವರ್ಷಗಟ್ಟಲೆ ಕಾದ ಗ್ರೀನ್ ಕಾರ್ಡಿನ ಸರದಿ ಒಂದು ಶನಿವಾರದ ಉತ್ಸಾಹಕ್ಕೆ ಹೋಗುವುದು ಬೇಡ. ಈ ವಿನಾಯಿತಿಯನ್ನು ನೆಚ್ಚುವ ಮೊದಲು ವಲಸೆ ವಕೀಲರನ್ನು ಕೇಳಿ. ಅವರ ಫೀಸು ದುಬಾರಿ ಅನ್ನಿಸಿದರೂ ಕೊಡಿ.

ವೀಸಾದಲ್ಲಿರುವವರು ಶೋ ನೋಡಲು ಹೋಗಬಾರದೆಂದೇನೂ ಇಲ್ಲ. ಟಿಕೆಟ್ ತೆಗೆದುಕೊಂಡು ಸುತ್ತಾಡಬಹುದು. ಮೇಜಿನ ಮೇಲಿನದನ್ನು ಎತ್ತಿ ಹಿಡಿಯಬೇಡಿ, ಒಂದು ಡಬ್ಬಿ ತೋಟಾ ಕೂಡ ಕೊಳ್ಳಬೇಡಿ.

ಸಿಟಿಜನ್ ಆಗಿರುವ ಗೆಳೆಯ ತನ್ನ ಹೆಸರಿನಲ್ಲಿ ಕೊಂಡು ವೀಸಾದಲ್ಲಿರುವ ಗೆಳೆಯನಿಗೆ ಕೊಡುವುದಂತೂ ನೇರ ಅಪರಾಧ. ಬೇರೊಬ್ಬರ ಪರವಾಗಿ ಸುಳ್ಳು ಹೇಳಿ ಕೊಳ್ಳುವುದಕ್ಕೆ 2022ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ. 15 ವರ್ಷದವರೆಗೆ ಜೈಲು. ಕೊಳ್ಳಲು ಅರ್ಹರಾದವರಿಗೇ ಆದರೂ, ಅವರಿಂದ ದುಡ್ಡು ಪಡೆದು ನಿಮ್ಮ ಹೆಸರಿನಲ್ಲಿ ಖರೀದಿಯ ಫಾರಂ ತುಂಬುವುದು ತಪ್ಪೇ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಕೊಡಗಿನಿಂದ ಬಂದವರಿಗೆ ಇನ್ನೊಂದು ಮಾತು. ಕೋವಿಯೊಡನೆ ಬೆಳೆದವರು ನೀವು. ಕೈಲ್‌ಪೊಳ್ದ್ ಹಬ್ಬದಂದು ನಳಿಗೆಯ ತುದಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜಿಸಿದ ಕೈಗಳಿಗೆ ಬಂದೂಕನ್ನು ಹೇಗೆ ಹಿಡಿಯಬೇಕೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಭಾರತದ ಶಸ್ತ್ರಾಸ್ತ್ರ ಕಾಯಿದೆಯಡಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಸಿಕ್ಕಿರುವ ಲೈಸೆನ್ಸಿನ ವಿನಾಯಿತಿಗೆ ಇಲ್ಲಿ ಬೆಲೆಯಿಲ್ಲ. ಇಲ್ಲಿ ನೋಡುವುದು ನಿಮ್ಮ ವಲಸೆ ಸ್ಥಿತಿಯನ್ನು ಮಾತ್ರ.

ದರವನ್ನು ಮನೆಯಲ್ಲೇ ಬರೆದುಕೊಳ್ಳಿ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಕನಕಾಂಬರ ಕೊಂಡವರಿಗೆ ಉಬ್ಬರದ ದರ ಎಂದರೇನೆಂದು ಗೊತ್ತು. ಗನ್ ಶೋದಲ್ಲಿ ಆಗುವುದೂ ಅದೇ. 2013ರ ಆರಂಭದಲ್ಲಿ ಎಆರ್-15 ರೈಫಲ್ಲಿಗೆ ಸಿಕ್ಕಿಸುವ 30 ಗುಂಡಿನ ಮ್ಯಾಗಜೀನು (ಗುಂಡು ತುಂಬುವ ಡಬ್ಬಿ), ಮಾಮೂಲಿಯಾಗಿ 12–15 ಡಾಲರಿಗೆ ಸಿಗುತ್ತಿದ್ದದ್ದು, ಮೇಜುಗಳ ಮೇಲೆ 50 ಡಾಲರಿಗೂ ಮಾರಾಟವಾಯಿತು. ಮಕ್ಕಳಿಗೆ ಗುರಿ ಕಲಿಸಲು ಬಳಸುವ ಪಾಯಿಂಟ್ ಟೂ-ಟೂ ಅಳತೆಯ ಸಣ್ಣ ಗುಂಡು, 500ರ ಡಬ್ಬಿ 20–25 ಡಾಲರ್ ಇದ್ದದ್ದು, ಎರಡು ಮೂರು ಪಟ್ಟಾಯಿತು. 2020ರ ಕೊನೆಗೆ ಪಿಸ್ತೂಲಿನ 9 ಎಂಎಂ ಗುಂಡಿಗೂ ಅದೇ ಗತಿ: ಒಂದಕ್ಕೆ 20 ಸೆಂಟಿನ ಆಸುಪಾಸಿನಲ್ಲಿದ್ದದ್ದು 60 ಸೆಂಟನ್ನೂ ಮೀರಿತು.

ಕಾರ್ಖಾನೆಗಳು ಹೆಚ್ಚು ತಯಾರಿಸಬಹುದಲ್ಲ ಎಂದು ಕೇಳಬಹುದು. ಗುಂಡು ತಯಾರಿಸುವ ಯಂತ್ರ ದುಬಾರಿ; ಒಂದು ವರ್ಷದ ಉಬ್ಬರಕ್ಕೆಂದು ಹೊಸ ಸಾಲು ಹಾಕಿದರೆ ಇಳಿತದ ಕಾಲದಲ್ಲಿ ಅದು ತುಕ್ಕು ಹಿಡಿಯುತ್ತದೆ. ಜೊತೆಗೆ 2020ರ ಜುಲೈನಲ್ಲಿ ಬಂದೂಕು, ಗುಂಡು ತಯಾರಿಸುವ ರೆಮಿಂಗ್ಟನ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರುಗಳಿಗೂ ಬರ ಬಂತು. 2021ರಲ್ಲಿ ರಷ್ಯಾದ ಗುಂಡುಗಳ ಹೊಸ ಆಮದಿಗೂ ಅಮೆರಿಕ ತಡೆ ಹಾಕಿತು. ಹೀಗಾಗಿ ಮೇಜಿನ ಹಿಂದೆ ಕೂತವರೆಲ್ಲ ಸುಲಿಗೆ ಮಾಡುತ್ತಿದ್ದಾರೆ ಎನ್ನುವುದು ಸರಿಯಲ್ಲ. ಎಷ್ಟೋ ಜನ ತಾವೇ ದುಬಾರಿಗೆ ಕೊಂಡು ತಂದಿರುತ್ತಾರೆ.

ಆದರೆ ಪ್ರತಿ ಉಬ್ಬರವೂ ಇಳಿದಿದೆ. 2013ರ ಏಪ್ರಿಲ್ 17ರಂದು ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಹೊಸ ನಿರ್ಬಂಧಗಳ ಮಸೂದೆ ಬಿದ್ದುಹೋಯಿತು. ಆಮೇಲೆ ರೈಫಲ್ಲುಗಳ ದರ ತಾನಾಗಿ ಇಳಿಯಿತು. ಡಿಸೆಂಬರ್-ಜನವರಿಯಲ್ಲಿ ಎರಡು ಪಟ್ಟು ಕೊಟ್ಟು ಒಯ್ದವರಲ್ಲಿ ಅನೇಕರು ಅದನ್ನೇ ನಷ್ಟಕ್ಕೆ ಮಾರಿದರು. ಪಾಯಿಂಟ್ ಟೂ-ಟೂ ಗುಂಡು ಮಾತ್ರ ಸರಿಹೋಗಲು ಇನ್ನೂ ಕೆಲವು ವರ್ಷ ಹಿಡಿಯಿತು.

ಹಾಗಾಗಿ ಹೊರಡುವ ಹಿಂದಿನ ರಾತ್ರಿ ಕೂತು, ನಿಮಗೆ ಬೇಕಾದ ವಸ್ತು, ಅದರ ಮಾಡೆಲ್ಲು, ಉಬ್ಬರಕ್ಕೆ ಮುಂಚಿನ ದರ, ಈಗಿನ ಆನ್‌ಲೈನ್ ದರ, ನೀವು ಕೊಡಲು ಒಪ್ಪುವ ಗರಿಷ್ಠ ದರ — ಇಷ್ಟನ್ನು ಒಂದು ಚೀಟಿಯಲ್ಲಿ ಬರೆಯಿರಿ. ಕೇಳಿದ ದರವನ್ನಲ್ಲ, ಆನ್‌ಲೈನ್ ಹರಾಜು ಮುಗಿದು ನಿಜಕ್ಕೂ ಮಾರಾಟವಾದ ದರವನ್ನು ನೋಡಿ. ಮಾರಾಟ ತೆರಿಗೆಯನ್ನೂ ಸೇರಿಸಿಕೊಳ್ಳಿ. ಆ ಚೀಟಿಯಲ್ಲಿರುವ ಮೊತ್ತದಷ್ಟೇ ನಗದು ಒಯ್ಯಿರಿ. ಕಾರ್ಡಿಗೆ ಶೇ 3ರಷ್ಟು ಹೆಚ್ಚು ಕೇಳುವವರಿದ್ದಾರೆ, ಒಳಗಿನ ಎಟಿಎಂ ಮುಂದೆ ಉದ್ದನೆಯ ಸಾಲಿರುತ್ತದೆ. 'ಮುಂದಿನ ವಾರ ಇದು ಸಿಗೋದಿಲ್ಲ' ಎಂಬ ಮಾತು ಅಲ್ಲಿ ನಿಮಿಷಕ್ಕೊಮ್ಮೆ ಕಿವಿಗೆ ಬೀಳುತ್ತದೆ. ಜೇಬಿನಲ್ಲಿ ಹೆಚ್ಚಿನ ದುಡ್ಡಿಲ್ಲದಿದ್ದರೆ ಆ ಮಾತು ನಿಮ್ಮನ್ನು ಏನೂ ಮಾಡಲಾರದು.

ಬಾಗಿಲಿನಲ್ಲಿ

ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಕಟ್ಟಡದ ಸುತ್ತ ಸಾಲು ಬೆಳೆದಿರುತ್ತದೆ. ನಿಮಗೆ ಬೇಕಾದದ್ದು ಎಲ್ಲರೂ ಹುಡುಕುವಂಥದ್ದಾದರೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತಿಗೆ ಮೇಜು ಬರಿದಾಗಿರುತ್ತದೆ. ಸುಮ್ಮನೆ ನೋಡಲು ಹೋಗುವವರು ಭಾನುವಾರ ಮಧ್ಯಾಹ್ನ ಹೋಗುವುದೇ ಒಳ್ಳೆಯದು. ಮೇಜಿನವರಿಗೆ ಮಾತಾಡಲು ಬಿಡುವಿರುತ್ತದೆ, ಸಾಮಾನನ್ನು ಮತ್ತೆ ಗಾಡಿಗೆ ಹೇರುವ ಬದಲು ಚೌಕಾಸಿಗೆ ಒಪ್ಪುವ ಮನಸ್ಸೂ ಇರುತ್ತದೆ. ನೀರು, ನಡೆಯಲು ಹಿತವಾದ ಶೂ, ಗುರುತಿನ ಚೀಟಿ ಇರಲಿ. ತಳ್ಳುಗಾಡಿಯ ಮಕ್ಕಳನ್ನು ಇಂಥ ದಿನ ಕರೆದೊಯ್ಯಬೇಡಿ.

ಮಾರಲು ಅಥವಾ ಬಿಡಿಭಾಗ ಹೊಂದಿಸಲು ನಿಮ್ಮದೇ ಬಂದೂಕನ್ನು ಒಯ್ಯುವುದಾದರೆ ಗುಂಡುಗಳನ್ನು ಮನೆಯಲ್ಲೇ ತೆಗೆದಿಡಿ, ಪಾರ್ಕಿಂಗ್ ಲಾಟಿನಲ್ಲಲ್ಲ. ಮ್ಯಾಗಜೀನು ಬೇರೆ, ನಳಿಗೆಯ ಬುಡದಲ್ಲಿ ಗುಂಡು ಕೂರುವ ಗೂಡು ಖಾಲಿ. ಬಾಗಿಲಿನ ಮೇಜಿನಲ್ಲಿ ಪೊಲೀಸರೋ ಕಾವಲಿನವರೋ ಪರೀಕ್ಷಿಸಿ, ಗುಂಡು ತುಂಬಲಾಗದಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಹೊರಗೆ ಬಂದ ಮೇಲೂ ಆ ಪಟ್ಟಿಯನ್ನು ಮನೆ ಮುಟ್ಟುವವರೆಗೆ ಕತ್ತರಿಸಬೇಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2013ರ ಜನವರಿ 19, ಆ ಉಬ್ಬರದ ನಡುವಿನ ಒಂದು ಶನಿವಾರ. ಉತ್ತರ ಕ್ಯಾರೊಲಿನಾದ ರಾಲಿಯಲ್ಲಿ ಶೋದ ಬಾಗಿಲ ಬಳಿ ಒಬ್ಬರು ಚೀಲದಿಂದ ಶಾಟ್‌ಗನ್ ತೆಗೆಯುವಾಗ ಅದು ಹಾರಿ ಮೂವರಿಗೆ ಗಾಯವಾಯಿತು. ಅದೇ ದಿನ ಇಂಡಿಯಾನಾಪೊಲಿಸ್‌ನಲ್ಲಿ ಶೋದಿಂದ ಹೊರಬಂದವರೊಬ್ಬರು ತಮ್ಮ ಪಿಸ್ತೂಲಿಗೆ ಗುಂಡು ತುಂಬುವಾಗ ಕೈಗೆ ಹೊಡೆದುಕೊಂಡರು. ಅದೇ ದಿನ ಒಹಾಯೊದ ಮೆಡಿನಾದಲ್ಲಿ ಆಗಷ್ಟೇ ಕೊಂಡ ಪಿಸ್ತೂಲನ್ನು ಪರಿಶೀಲಿಸುವಾಗ ಗುಂಡು ಹಾರಿ ಇನ್ನೊಬ್ಬರಿಗೆ ತಗುಲಿತು. ಮೂರೂ ಕಡೆ ಖಾಲಿಯಿರಬೇಕಾದ, ಇಲ್ಲವೇ ಖಾಲಿಯಾಗಿಯೇ ಉಳಿಯಬೇಕಾದ ಬಂದೂಕುಗಳು. ಸಾಲಿನಲ್ಲಿ ನಿಮ್ಮ ಮುಂದಿರುವವರು ನಳಿಗೆಯನ್ನು ಅಡ್ಡಾದಿಡ್ಡಿ ತಿರುಗಿಸುತ್ತಿದ್ದರೆ ಸಂಕೋಚಪಡದೆ ಹೇಳಿ, ಇಲ್ಲವೇ ಪಕ್ಕಕ್ಕೆ ಸರಿಯಿರಿ.

ಮೇಜಿನ ಮುಂದೆ

ದೊಡ್ಡ ಶೋ ಹೇಗಿರುತ್ತದೆಂಬುದಕ್ಕೆ ಒಕ್ಲಹೋಮದ ಟಲ್ಸಾ ಉದಾಹರಣೆ. ವಾನೆನ್‌ಮಾಕರ್ ಕುಟುಂಬದ ಹೆಸರಿನಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ಆ ಶೋದಲ್ಲಿ ಒಂದೇ ಸೂರಿನಡಿ ಸುಮಾರು 11 ಎಕರೆ ಜಾಗ, 4,000ಕ್ಕೂ ಹೆಚ್ಚು ಮೇಜುಗಳು. ಹೊರಗೆ ಎಣ್ಣೆ ಬಾವಿ ಕೊರೆಯುವ ಕಾರ್ಮಿಕನ, ಸುಮಾರು 75 ಅಡಿ ಎತ್ತರದ ಹಳದಿ ಪ್ರತಿಮೆ. ಒಂದು ದಿನದಲ್ಲಿ ಎಲ್ಲ ಸಾಲುಗಳನ್ನೂ ನಿಧಾನವಾಗಿ ನೋಡಿ ಮುಗಿಸಲಾಗದು. ಆದ್ದರಿಂದ ಮೊದಲು ಏನನ್ನೂ ಕೊಳ್ಳದೆ ಒಂದು ಸುತ್ತು ಹಾಕಿ, ಮೇಜಿನ ಸಂಖ್ಯೆಗಳನ್ನು ಗುರುತು ಹಾಕಿಕೊಳ್ಳಿ.

ಯಾವುದನ್ನಾದರೂ ಮುಟ್ಟುವ ಮೊದಲು ಕೇಳಿ. ಕೈಗೆ ಕೊಟ್ಟರೆ ಮೊದಲ ಕೆಲಸ ಗೂಡು ತೆರೆದು ಖಾಲಿಯಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡುವುದು. ಡೀಲರು ಈಗಷ್ಟೇ ನೋಡಿ ಕೊಟ್ಟಿದ್ದರೂ ನೀವೂ ನೋಡಬೇಕು. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಬೆರಳು ಟ್ರಿಗರಿನಿಂದ ಹೊರಗಿರಲಿ. ನಳಿಗೆ ನೆಲಕ್ಕೋ ಸೂರಿಗೋ ಮುಖ ಮಾಡಿರಲಿ. ಕಿಕ್ಕಿರಿದ ಸಾಲಿನಲ್ಲಿ ಅಡ್ಡ ಹಿಡಿದರೆ ಯಾರೋ ಒಬ್ಬರ ಹೊಟ್ಟೆಯತ್ತ ತಿರುಗಿಯೇ ತಿರುಗುತ್ತದೆ. ಟ್ರಿಗರ್ ಒತ್ತಿ ನೋಡಬೇಕಿದ್ದರೆ ಮತ್ತೆ ಕೇಳಿ, ಹಳೆಯ ಬಂದೂಕುಗಳಲ್ಲಿ ಗುಂಡಿನ ಬುಡಕ್ಕೆ ಬಡಿಯುವ ಸೂಜಿ ಖಾಲಿ ಹೊಡೆತಕ್ಕೆ ಮುರಿಯಬಹುದು. ಸಿನಿಮಾದಲ್ಲಿ ಮಾಡುವಂತೆ ರಿವಾಲ್ವರಿನ ಗುಂಡಿನ ಚಕ್ರವನ್ನು ಮಣಿಕಟ್ಟು ತಿರುಗಿಸಿ ಟಪ್ಪೆಂದು ಮುಚ್ಚಬೇಡಿ, ಅದರಿಂದ ಒಳಗಿನ ಕೀಲು ಬಾಗುತ್ತದೆ. ನೀಲಿ ಮೆರುಗಿನ ಹಳೆಯ ಲೋಹಕ್ಕೆ ಬೆವರಿದ ಬೆರಳು ತಗುಲಿದರೆ ತುಕ್ಕಿಗೆ ದಾರಿಯಾಗುತ್ತದೆ. ಮರದ ಭಾಗ ಹಿಡಿದು ಎತ್ತಿ. ಪಕ್ಕದವರು ಚೌಕಾಸಿ ಮಾಡುತ್ತಿರುವಾಗ ನಡುವೆ ಬಾಯಿ ಹಾಕಿ ಹೆಚ್ಚಿನ ದರ ಕೂಗುವುದು ಅಲ್ಲಿ ದೊಡ್ಡ ಅಸಭ್ಯತೆ. ಫೋಟೊ ತೆಗೆಯುವ ಮೊದಲೂ ಕೇಳಿ.

ಉಬ್ಬರದ ದಿನ ಜನವೆಲ್ಲ ಎಆರ್-15ನಂಥ ಕಪ್ಪು ರೈಫಲ್ಲು, ಪಿಸ್ತೂಲು, 9 ಎಂಎಂ ಡಬ್ಬಿಗಳ ಮುಂದೆ ಜಮಾಯಿಸಿರುತ್ತಾರೆ. ಸಂಗ್ರಹಕಾರರ ಸಾಲುಗಳು ಬಿಕೋ ಎನ್ನುತ್ತಿರುತ್ತವೆ. ನೀವು ಅತ್ತ ಹೋಗಿ. ಅಲ್ಲಿ ಕೂತಿರುವ ಹಿರಿಯರು ಒಂದೇ ಮಾಡೆಲ್ಲಿನ ಹಿಂದೆ ಆಯುಷ್ಯ ಕಳೆದವರು, ಕೇಳುವವರು ಸಿಕ್ಕರೆ ಕುರ್ಚಿ ಎಳೆದು ಕೂರಿಸಿ ಮಾತಾಡುತ್ತಾರೆ. ಭಾರತದವರೆಂದು ಗೊತ್ತಾದರೆ ಬಹಳಷ್ಟು ಮಂದಿ ಕೇಳುವುದು ಇಶಾಪುರದ ಬಗ್ಗೆ. ಕೋಲ್ಕತ್ತ ಬಳಿಯ ಇಶಾಪುರ ರೈಫಲ್ ಕಾರ್ಖಾನೆ ತಯಾರಿಸಿದ ಬಂದೂಕುಗಳು ಸೇನೆಯಿಂದ ನಿವೃತ್ತಿಯಾಗಿ ಅಮೆರಿಕದ ಮಾರುಕಟ್ಟೆಗೆ ಬಂದಿವೆ, ಇಂದಿಗೂ ಗನ್ ಶೋ ಮೇಜುಗಳ ಮೇಲೆ ಕಾಣಸಿಗುತ್ತವೆ. 1962ರ ಚೀನಾ ಯುದ್ಧದ ಅನಂತರದ ವರ್ಷಗಳಲ್ಲಿ, ಬ್ರಿಟಿಷ್ ಸೇನೆಯ ಹಳೆಯ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ ಗಟ್ಟಿ ಉಕ್ಕಿನಲ್ಲಿ 7.62 ನೇಟೊ ಅಳತೆಯ ಗುಂಡಿಗೆ ಹೊಂದಿಸಿ ಮಾಡಿದ 2ಎ, 2ಎ1 ರೈಫಲ್ಲುಗಳು ಅವು. ಹಿಡಿಕೆಯ ಬಳಿಯ ಲೋಹದ ಪಟ್ಟಿಯನ್ನು ದೀಪಕ್ಕೆ ಹಿಡಿದರೆ ಆರ್‌ಎಫ್‌ಐ (ರೈಫಲ್ ಫ್ಯಾಕ್ಟರಿ ಇಶಾಪುರ) ಎಂಬ ಅಕ್ಷರಗಳೂ ವರ್ಷವೂ ಕಾಣುತ್ತವೆ. ಇಶಾಪುರದ ಇನ್ನೂ ಹಳೆಯ ಕೆಲವು ರೈಫಲ್ಲುಗಳ ಮುಂಭಾಗದ ಮರಕ್ಕೆ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿ ಬೆಸುಗೆ ಹಾಕಿರುತ್ತಾರೆ. ನೋಡಿದವರು ಮುರಿದದ್ದನ್ನು ಕಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಅದು ಗ್ರೆನೇಡ್ ಎಸೆಯಲು ಬಳಸುವಾಗ ಬರುವ ಒತ್ತಡಕ್ಕೆ ಮರ ಸೀಳದಿರಲಿ ಎಂದು ಮಾಡಿದ ಏರ್ಪಾಡು. ಸಾವಿರಾರು ಮೈಲಿಯ ಆಚೆ ನಮ್ಮ ಕೆಲಸಗಾರರ ಕೈಗೆಲಸವನ್ನು ಒಬ್ಬ ಒಕ್ಲಹೋಮದ ರೈತ ಇಷ್ಟು ಅಕ್ಕರೆಯಿಂದ ವಿವರಿಸುವುದನ್ನು ಕೇಳುವುದಕ್ಕಾದರೂ ಟಿಕೆಟಿನ ದುಡ್ಡು ಕೊಡಬಹುದು.

ಹಳೆಯದನ್ನು ಕೊಳ್ಳುವುದಾದರೆ

ಅಂಗಡಿಯ ಹೊಸ ಸರಕು ಖಾಲಿಯಾದಾಗ ಹಳೆಯ ಬಂದೂಕಿಗೂ ಹೊಸದರ ಬೆಲೆ ಕೇಳುತ್ತಾರೆ. ಒಂದು ಸಣ್ಣ ಟಾರ್ಚು ಜೇಬಿನಲ್ಲಿರಲಿ. ಗೂಡು ಖಾಲಿಯಿರುವುದನ್ನು ಖಚಿತಪಡಿಸಿಕೊಂಡು, ಹಿಂಬದಿಯಿಂದ ಬೆಳಕು ಬಿಟ್ಟು ನಳಿಗೆಯೊಳಗೆ ನೋಡಿ: ಸುರುಳಿ ಗೀರುಗಳು ಚೂಪಾಗಿ ಹೊಳೆಯಬೇಕು. ಕಪ್ಪು ಚುಕ್ಕೆ, ಗುಳಿಗಳಿದ್ದರೆ ತುಕ್ಕು ತಿಂದಿದೆ ಎಂದರ್ಥ. ಸ್ಕ್ರೂಗಳ ತಲೆಯ ಸೀಳು ಅಗಲವಾಗಿ ಹರಿದಿದ್ದರೆ ಯಾರೋ ಕೈಗೆ ಸಿಕ್ಕ ಸಲಕರಣೆಯಿಂದ ಬಿಚ್ಚಿದ್ದಾರೆ. ಕ್ರಮಸಂಖ್ಯೆ ಉಜ್ಜಿದಂತೆಯೋ ಅಳಿಸಿದಂತೆಯೋ ಕಂಡರೆ ಬಂದೂಕನ್ನು ಕೆಳಗಿಟ್ಟು ಅಲ್ಲಿಂದ ಹೊರಡಿ. ಅದನ್ನು ಹೊಂದಿರುವುದೇ ಅಪರಾಧ.

ತೋಟಾಗಳಲ್ಲಿ ಕಾರ್ಖಾನೆಯ ಮುಚ್ಚಿದ ಡಬ್ಬಿ ಬಿಟ್ಟು ಬೇರೇನನ್ನೂ ಕೊಳ್ಳಬೇಡಿ. ಉಬ್ಬರದ ಕಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ, ಮನೆಯಲ್ಲಿ ಮರುತುಂಬಿಸಿದ ಗುಂಡುಗಳು ಮೇಜಿನ ಮೇಲೆ ಬರುತ್ತವೆ. ಅದರಲ್ಲಿ ಮದ್ದು ಎಷ್ಟಿದೆಯೆಂದು ತುಂಬಿದವನಿಗೆ ಮಾತ್ರ ಗೊತ್ತು. ಹೆಚ್ಚಾಗಿದ್ದರೆ ನಿಮ್ಮ ಮುಖದ ಮುಂದೆಯೇ ಬಂದೂಕು ಸಿಡಿಯುತ್ತದೆ. ನಳಿಗೆಯ ಮೇಲೆ ಕೆತ್ತಿರುವ ಅಳತೆಯೂ ಡಬ್ಬಿಯ ಮೇಲಿನ ಅಳತೆಯೂ ಅಕ್ಷರಶಃ ಒಂದೇ ಇರಬೇಕು, 'ಹೆಚ್ಚುಕಡಿಮೆ ಅದೇ' ಎಂಬುದು ಇಲ್ಲಿ ನಡೆಯುವುದಿಲ್ಲ.

ಫಾರಂ 4473 ಮತ್ತು ನಮ್ಮ ಹೆಸರುಗಳು

ಲೈಸೆನ್ಸುಳ್ಳ ಡೀಲರು ಅಂಗಡಿಯಲ್ಲಿ ಮಾರಿದರೂ ಶೋದಲ್ಲಿ ಮಾರಿದರೂ ನಿಯಮ ಒಂದೇ: ಕೊಳ್ಳುವವರು ಫಾರಂ 4473 ತುಂಬಬೇಕು, ಡೀಲರು ತಪಾಸಣೆ ಮಾಡಿಸಬೇಕು. 1998ರ ನವೆಂಬರ್ 30ರಿಂದ ನಡೆಯುತ್ತಿರುವ ಈ ತಪಾಸಣೆಯನ್ನು ಎಲ್ಲರೂ 'ನಿಕ್ಸ್' ಎನ್ನುತ್ತಾರೆ. ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಎಫ್‌ಬಿಐ ಇದನ್ನು ನಡೆಸುತ್ತದೆ. ಕೆಲವು ರಾಜ್ಯಗಳಲ್ಲಿ ರಾಜ್ಯದ ಪೊಲೀಸ್ ಇಲಾಖೆಯೇ ಮಾಡುತ್ತದೆ. ಉತ್ತರ ಮೂರರಲ್ಲಿ ಒಂದು: ಕೊಡಬಹುದು, ತಡೆಯಿರಿ, ಕೊಡುವಂತಿಲ್ಲ. ಮಾಮೂಲಿ ದಿನ ನಿಮಿಷಗಳ ಕೆಲಸ. ಉಬ್ಬರದ ದಿನ ಗಂಟೆಗಟ್ಟಲೆ ಆಗಬಹುದು.

ಕನ್ನಡಿಗರು ಎಡವುವ ಜಾಗ ಹೆಸರು. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು, ಇನಿಷಿಯಲ್ಲು, ಎಲ್ಲವೂ ಕಲೆತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು, ಗ್ರೀನ್ ಕಾರ್ಡಿನಲ್ಲಿ ಮತ್ತೊಂದು. ಕೆಲವರಿಗೆ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದೇ ಅಚ್ಚಾಗಿರುತ್ತದೆ. ಫಾರಂನಲ್ಲಿ ಪೂರ್ತಿ ಹೆಸರು ಬರೆಯಬೇಕು. ಹೆಸರಿನ ಒಂದು ಭಾಗ ಬರೀ ಇನಿಷಿಯಲ್ ಆಗಿದ್ದರೆ ಅದರ ಮುಂದೆ 'ಐಒ' ಎಂದೂ, ನಡುವಿನ ಹೆಸರು ಇಲ್ಲದಿದ್ದರೆ 'ಎನ್‌ಎಂಎನ್' ಎಂದೂ ಗುರುತಿಸಬೇಕೆಂದು ಫಾರಂ ಜೊತೆಗಿನ ಸೂಚನೆಯೇ ಹೇಳುತ್ತದೆ. ವಿಳಾಸ ಈಗ ವಾಸವಿರುವ ಮನೆಯದೇ ಆಗಬೇಕು, ಅಂಚೆ ಪೆಟ್ಟಿಗೆ ನಡೆಯುವುದಿಲ್ಲ. ಮನೆ ಬದಲಿಸಿದ್ದು ಲೈಸೆನ್ಸಿನಲ್ಲಿ ಹಳೆಯ ವಿಳಾಸವಿದ್ದರೆ, ಹೊಸ ವಿಳಾಸವಿರುವ ವಾಹನ ನೋಂದಣಿಯಂಥ ಸರ್ಕಾರಿ ಕಾಗದ ಜೊತೆಗಿರಲಿ. ಸಿಟಿಜನ್ ಅಲ್ಲದವರು ಗ್ರೀನ್ ಕಾರ್ಡಿನ ಏ-ಸಂಖ್ಯೆ ಕೊಡಬೇಕು. ಅವರಿಗೆ ವಲಸೆ ದಾಖಲೆಗಳ ತಪಾಸಣೆಯೂ ಸೇರುವುದರಿಂದ ಕಾಯುವುದು ಹೆಚ್ಚು. ಹೀಗೆ ಮತ್ತೆ ಮತ್ತೆ ತಡೆಯಾಗುವವರು ಎಫ್‌ಬಿಐಗೆ ಅರ್ಜಿ ಹಾಕಿ ಯುಪಿಐಎನ್ ಎಂಬ ವೈಯಕ್ತಿಕ ಸಂಖ್ಯೆ ಪಡೆಯಬಹುದು.

ಪ್ರಶ್ನೆಗಳನ್ನು ಓದಿಯೇ ಉತ್ತರಿಸಿ. ಹಿಂದೆ ಸಾಲು ಗೊಣಗುತ್ತಿದೆಯೆಂದು ಗಡಿಬಿಡಿಯಲ್ಲಿ ಗುರುತು ಹಾಕಬೇಡಿ. ಸುಳ್ಳು ಉತ್ತರಕ್ಕೆ ಶಿಕ್ಷೆಯಿದೆ. ಗಾಂಜಾದ ಪ್ರಶ್ನೆಗೆ ಹಲವರು ಸಿಕ್ಕಿಬೀಳುತ್ತಾರೆ. ನಿಮ್ಮ ರಾಜ್ಯದಲ್ಲಿ ಅದು ಕಾನೂನುಬದ್ಧವಾಗಿದ್ದರೂ ಕೇಂದ್ರ ಕಾನೂನಿನಲ್ಲಿ ಅಲ್ಲ ಎಂಬ ಎಚ್ಚರಿಕೆ ಫಾರಂನಲ್ಲೇ ಅಚ್ಚಾಗಿದೆ.

'ತಡೆಯಿರಿ' ಎಂದು ಬಂದರೆ ಏನಾಗುತ್ತದೆ? ಕೇಂದ್ರ ಕಾನೂನಿನ ಪ್ರಕಾರ ಮೂರು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ಡೀಲರು ಕೊಡಬಹುದು, ಕೊಡಲೇಬೇಕೆಂದಿಲ್ಲ. 21 ವರ್ಷದೊಳಗಿನವರಿಗೆ 2022ರಿಂದ ಈ ಕಾಯುವಿಕೆ ಹತ್ತು ಕೆಲಸದ ದಿನಗಳವರೆಗೂ ಹೋಗಬಹುದು. ಶನಿವಾರ ಭಾನುವಾರ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಅಷ್ಟರಲ್ಲಿ ಡೀಲರು ಭಾನುವಾರ ಸಂಜೆಯೇ ಮೇಜು ಮಡಚಿ ತನ್ನೂರಿಗೆ ಹೋಗಿರುತ್ತಾನೆ. ಆ ಊರು ಇನ್ನೂರು ಮೈಲಿ ದೂರವಿರಬಹುದು. ಆದ್ದರಿಂದ ದುಡ್ಡು ಕೊಡುವ ಮೊದಲೇ 'ನಿಮ್ಮ ಅಂಗಡಿ ಎಲ್ಲಿ? ತಡವಾದರೆ ಎಲ್ಲಿಂದ ಒಯ್ಯಬೇಕು? ನಿರಾಕರಣೆಯಾದರೆ ದುಡ್ಡು ವಾಪಸ್ಸೇ?' ಎಂದು ಕೇಳಿ, ಉತ್ತರವನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ನಿಮ್ಮ ಊರಿನ ಸುತ್ತಮುತ್ತ ಅಂಗಡಿ ಇರುವವರಿಂದ ಕೊಳ್ಳುವುದೇ ಕ್ಷೇಮ.

ಬೇರೆ ರಾಜ್ಯದ ಶೋಗೆ ಹೋದವರು ಪಿಸ್ತೂಲು, ರಿವಾಲ್ವರುಗಳನ್ನು ಅಲ್ಲಿಂದ ಕೈಯಲ್ಲಿ ತರುವಂತಿಲ್ಲ. ನಿಮ್ಮ ರಾಜ್ಯದ ಡೀಲರಿಗೆ ಕಳಿಸಿ ಅವರ ಮೂಲಕ ಪಡೆಯಬೇಕು. ಕ್ಯಾಲಿಫೋರ್ನಿಯಾದವರಿಗೆ ಹತ್ತು ದಿನ ಕಾಯುವುದು ಕಡ್ಡಾಯ. ಇಲಿನಾಯ್‌ನವರಿಗೆ ಬಂದೂಕು ಹೊಂದಲು ರಾಜ್ಯ ಕೊಡುವ ಕಾರ್ಡು ಮೊದಲೇ ಬೇಕು. ನಿಮ್ಮ ರಾಜ್ಯದ ನಿಯಮ ನೋಡದೆ ಹೊರಡಬೇಡಿ.

ಡೀಲರಲ್ಲದವರಿಂದ ಕೊಳ್ಳುವ ವಿಷಯ

ಸಾಲುಗಳ ನಡುವೆ ಹೆಗಲಿಗೆ ರೈಫಲ್ ಹಾಕಿಕೊಂಡು, ನಳಿಗೆಗೆ ಬೆಲೆಯ ಚೀಟಿ ಸಿಕ್ಕಿಸಿಕೊಂಡು ಓಡಾಡುವವರು ಕಾಣುತ್ತಾರೆ. ಅವರು ತಮ್ಮ ಸ್ವಂತದ್ದನ್ನು ಮಾರಲು ಬಂದವರು. ಟೆಕ್ಸಸ್, ಒಕ್ಲಹೋಮದಂಥ ರಾಜ್ಯಗಳಲ್ಲಿ, ಒಂದೇ ರಾಜ್ಯದ ಇಬ್ಬರು ನಿವಾಸಿಗಳ ನಡುವೆ ಹೀಗೆ ನಡೆಯುವ ಮಾರಾಟಕ್ಕೆ ತಪಾಸಣೆ ಕಡ್ಡಾಯವಿಲ್ಲ. ಕ್ಯಾಲಿಫೋರ್ನಿಯಾ, ಕೊಲರಾಡೊ, ನ್ಯೂಯಾರ್ಕ್, ವಾಷಿಂಗ್ಟನ್ ಮುಂತಾದ ರಾಜ್ಯಗಳಲ್ಲಿ ಕಡ್ಡಾಯವಿದೆ. ಈ ಬಗ್ಗೆ ದೇಶದಲ್ಲಿ ದಶಕಗಳಿಂದ ಜಗಳ ನಡೆಯುತ್ತಿದೆ. ನನ್ನ ಅಭಿಪ್ರಾಯ ಸ್ಪಷ್ಟ: ಕಾನೂನು ಕೇಳದಿದ್ದರೂ ನೀವು ತಪಾಸಣೆ ಮಾಡಿಸಿ. ಹತ್ತಿರದ ಡೀಲರ ಮೇಜಿಗೆ ಇಬ್ಬರೂ ಹೋಗಿ ಸಣ್ಣ ಶುಲ್ಕ ಕೊಟ್ಟರೆ ಆಯಿತು. ಕೊಳ್ಳುವವರಾದರೆ ನಿಮ್ಮ ಹೆಸರಿಗೆ ಕಾಗದ ಉಳಿಯುತ್ತದೆ. ಮಾರುವವರಾದರೆ ಬಂದೂಕು ಯಾರ ಕೈಗೆ ಹೋಯಿತೆಂಬ ಚಿಂತೆ ಇರುವುದಿಲ್ಲ. 'ಅದೆಲ್ಲ ಯಾಕೆ, ದುಡ್ಡು ಕೊಟ್ಟು ತಗೊಂಡು ಹೋಗಿ' ಎಂದು ಅವಸರ ಮಾಡುವವರ ಬಳಿ ವ್ಯವಹಾರ ಬೇಡ.

ಮನೆಗೆ ತಂದ ಮೇಲೆ

ಡೀಲರು ಪಿಸ್ತೂಲು, ರಿವಾಲ್ವರಿನ ಜೊತೆ ಬೀಗವನ್ನೋ ಸುರಕ್ಷತಾ ಸಾಧನವನ್ನೋ ಕೊಡಬೇಕೆಂದು 2005ರಿಂದ ಕಾನೂನಿದೆ, ಕೇಳಿ ಪಡೆಯಿರಿ. ಆ ಸಣ್ಣ ಬೀಗ ಸಾಲದು. ಬಂದೂಕಿಗೆ ಮುಂಚೆ ಉಕ್ಕಿನ ಪೆಟ್ಟಿಗೆ ಮನೆಗೆ ಬಂದಿರಲಿ. ಬಂದೂಕು ಒಂದು ಕಡೆ, ಗುಂಡು ಇನ್ನೊಂದು ಕಡೆ, ಎರಡಕ್ಕೂ ಬೀಗ. ಮನೆಯಲ್ಲಿ ವೀಸಾದ ಮೇಲಿರುವವರಿದ್ದರೆ ಬೀಗದ ಕೈಯಾಗಲಿ ಪೆಟ್ಟಿಗೆಯ ಸಂಖ್ಯೆಯಾಗಲಿ ಅವರಿಗೆ ಸಿಗದಂತಿರಲಿ. ಇದರ ಬಗ್ಗೆಯೂ ವಕೀಲರನ್ನು ಕೇಳಿ.

ಇನ್ನೊಂದು ವಿಷಯ ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. 2020ರಲ್ಲಿ 45,222 ಸಾವುಗಳಲ್ಲಿ 24,000ಕ್ಕೂ ಹೆಚ್ಚು ಅವೇ. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಕೆಲಸ ಕಳೆದುಕೊಂಡು ಕುಗ್ಗಿದ್ದರೆ, ಹದಿಹರೆಯದ ಮಗ ಮಗಳು ಮಾತು ಬಿಟ್ಟಿದ್ದರೆ, ಈ ಖರೀದಿಯನ್ನು ಮುಂದೂಡಿ. ಈಗಾಗಲೇ ಇದ್ದರೆ ಹೊರಗೆ ಎಲ್ಲಾದರೂ ಕಾನೂನುಬದ್ಧವಾಗಿ ಇಡಿಸಿ. ಅಮೆರಿಕದಲ್ಲಿ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಊರಿಗೆ ಹೊರಡುವ ಮುನ್ನ, ಶೋಗೂ ಗುರಿ ಅಭ್ಯಾಸಕ್ಕೂ ಒಯ್ದ ಬ್ಯಾಕ್‌ಪ್ಯಾಕನ್ನು ವಿಮಾನಕ್ಕೆ ತೆಗೆದುಕೊಳ್ಳಬೇಡಿ. ಹೊಲಿಗೆಯ ಸಂದಿಯಲ್ಲಿ, ಒಳಜೇಬಿನ ಮೂಲೆಯಲ್ಲಿ ಒಂದು ಗುಂಡು ಉಳಿದಿರುತ್ತದೆ. ಭಾರತದ ವಿಮಾನ ನಿಲ್ದಾಣದ ಎಕ್ಸ್‌-ರೇ ಅದನ್ನು ಹಿಡಿದರೆ ಶಸ್ತ್ರಾಸ್ತ್ರ ಕಾಯಿದೆಯಡಿ ಕೇಸು ಬೀಳಬಹುದು. ಮರೆತು ಉಳಿದದ್ದೆಂದು ಕೋರ್ಟಿನಲ್ಲಿ ಸಾಬೀತುಪಡಿಸುವ ಹೊತ್ತಿಗೆ ರಜೆಯೆಲ್ಲ ಮುಗಿದಿರುತ್ತದೆ. ಶೋದಲ್ಲಿ ಮಾರುವ, ನಿಜವಾದ ತೋಟಾದ ಚಿಪ್ಪಿನಿಂದ ಮಾಡಿದ ಕೀ ಚೈನು, ಬಾಟಲಿ ಓಪನರುಗಳನ್ನು ತಮ್ಮನಿಗೋ ಭಾವನಿಗೋ ಉಡುಗೊರೆಯೆಂದು ಪೆಟ್ಟಿಗೆಗೆ ಹಾಕಬೇಡಿ. ಆ ಓಡಾಟಕ್ಕೆ ಪ್ರತ್ಯೇಕ ಚೀಲವಿಟ್ಟುಕೊಂಡು, ಅದನ್ನು ಗ್ಯಾರೇಜಿನಲ್ಲೇ ಬಿಡಿ.